ನಿಯಮ ಮತ್ತು ಹೊಣೆ

ಹೇಳಿದಂತೆ ಮಾಡುವುದೇ ಒಳ್ಳೆಯತನವೇ? ಮಾನ್ವಿ, ರಾಯಚೂರಿನ ಶಾಲೆಗಳಲ್ಲಿ ಮೂವತ್ತು ವರ್ಷ ಕಲಿಸಿದರೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ತಂಗಿಯ ಮಗ ವೆಬ್ ಪುಟ ಕಟ್ಟುತ್ತಾನೆ. ಈಗ ಕೋಡು ಬರೆಯುವುದು ಎಐ ಸಹಾಯಕ. ಅದು ಹಳೆಯ ಕೋಡನ್ನೂ ಓದಿ ಕಲಿತದ್ದು; ರಿಯಾಕ್ಟ್‌ನಲ್ಲಿ 2019ರಲ್ಲೇ ಹುಕ್ಸ್ ಬಂದಿದ್ದರೂ ಒಮ್ಮೊಮ್ಮೆ ಹಿಂದಿನ ರೀತಿಗೇ ಜಾರುತ್ತದೆ. ಅದಕ್ಕೆಂದೇ ಅವನು ಕಡತವೊಂದರಲ್ಲಿ ನಿಯಮ ಬರೆದಿಡುತ್ತಾನೆ. ‘ಅರ್ಜಿಯ ಪ್ರತಿ ಖಾನೆಗೂ ಲೇಬಲ್ ಇರಲಿ’ ಎಂದು ಬರೆದ. ಸಹಾಯಕ ಇಟ್ಟಿತು, ಎಲ್ಲ ಖಾನೆಗೂ ‘ಇಲ್ಲಿ ಬರೆಯಿರಿ’ ಎಂದೇ!

ನಿಯಮವೇನೋ ಪಾಲನೆಯಾಯಿತು. ಕಣ್ಣು ಕಾಣದ ದೇವದುರ್ಗದ ಹುಡುಗಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕೂತಳೆನ್ನಿ. ಫೋನು ಓದಿ ಹೇಳಿದ್ದೇ ಅವಳಿಗೆ ಆಧಾರ. ಹೆಸರಿನ ಖಾನೆ ಯಾವುದು, ಊರಿನದು ಯಾವುದು?

ನಿಯಮದ ಜೊತೆ ಕಾರಣವನ್ನೂ ಬರೆ ಎಂದೆ. ಬರೆದ, ಕೆಲಸ ಸುಧಾರಿಸಿತು.

“ಇನ್ನ ತಪ್ಪಾದ್ರ ಅದರದೇ ಹೊಣಿ ಅಲ್ಲೇನು, ದೊಡ್ಡವ್ವ?” ಎಂದ.

ಅಲ್ಲ. ಮಕ್ಕಳಿಗೆ ನಾವು ಕಾರಣ ಹೇಳುವುದು ಮುಂದೊಂದು ದಿನ ಹೊಣೆ ಅವರೇ ಹೊರಲಿ ಎಂದು. ಯಂತ್ರಕ್ಕೆ ಹೊರುವ ಹೆಗಲಿಲ್ಲ. ಆದ್ದರಿಂದ ಪುಟವನ್ನು ಒಪ್ಪಿಸುವ ಮೊದಲು ಕಟ್ಟಿದವನೇ ಕಣ್ಣು ಮುಚ್ಚಿ, ಆ ಅರ್ಜಿಯನ್ನು ಒಮ್ಮೆ ಕಿವಿಯಿಂದ ತುಂಬಿ ನೋಡಬೇಕು.