ಶುಗರ್ ನೋಡಿದವರು ಸಂಕಟವನ್ನೂ ಕೇಳಲಿ

ಸಕ್ಕರೆ ಕಾಯಿಲೆ ಗೊತ್ತಾದ ದಿನವೇ ಗುಳಿಗೆ ಸಿಗುತ್ತದೆ, ಪಥ್ಯದ ಪಟ್ಟಿ ಸಿಗುತ್ತದೆ. ಎದೆಯೊಳಗಿನ ಅಂಜಿಕೆ ಕೇಳುವವರು ಸಿಗುವುದು ಅಪರೂಪ.

*

'ಯಾಕೋ ಬ್ಯಾಸರ, ನಿದ್ದಿ ಹತ್ತವಲ್ದು, ಉಣ್ಣಾಕ ಮನಸಿಲ್ಲ' ಎಂದು ಯಲಬುರ್ಗಾ ಕಡೆಯ ಹಿರಿಯರು ಅಂದರೆ, ಮನೆಯವರು 'ಶುಗರ್ ಏರಿರಬೇಕು' ಎಂದು ಸುಮ್ಮನಾಗುತ್ತಾರೆ. ಏರಿರಲೂಬಹುದು. ಆದರೆ ಎರಡು ವಾರ ಬಿಡದೆ ಕಾಡಿದ ಬೇಸರ ಖಿನ್ನತೆಯೂ ಆಗಿರಬಹುದು. ಅದನ್ನು ವೈದ್ಯರ ಮುಂದೆ ಹೇಳಲೇಬೇಕು.

*

ಸೋತ ಮನಸ್ಸು ಗುಳಿಗೆ ಮರೆಯುತ್ತದೆ, ನಡೆಯುವುದನ್ನು ಬಿಡುತ್ತದೆ, ಕಾಲಿನ ಗಾಯವನ್ನು ನೋಡಿಯೂ ನೋಡದಂತಿರುತ್ತದೆ. ಒತ್ತಡದಲ್ಲಿ ಕಾರ್ಟಿಸಾಲ್ ಹೆಚ್ಚಿದಾಗ ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುತ್ತದೆ, ಇನ್ಸುಲಿನ್ನಿನ ಕೆಲಸ ಕುಂದುತ್ತದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಏರಿದ್ದಕ್ಕೆ 'ಸಿಹಿ ತಿಂದ್ರೇನು?' ಎಂದು ಗದರುವ ಮೊದಲು 'ಮನ್ಯಾಗ ಎಲ್ಲಾ ಆರಾಮೇನು?' ಎಂದು ಕೇಳಬೇಕು.

*

ಪಥ್ಯ ತಪ್ಪಿದವರನ್ನು ಬೈಯಬೇಡಿ. ಬೈಸಿಕೊಂಡವರು ಮುಂದಿನ ತಪಾಸಣೆಗೆ ಬರುವುದಿಲ್ಲ.

*

ಮಧುಮೇಹ ಇರುವವರಲ್ಲಿ ಖಿನ್ನತೆ, ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಎಂದು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ ಸಂಶೋಧಕರು 2001ರಲ್ಲೇ ಬರೆದರು. ಎರಡೂ ಕೂಡಿದವರಲ್ಲಿ ಕಣ್ಣು, ಮೂತ್ರಪಿಂಡ, ನರ, ಹೃದಯದ ತೊಡಕುಗಳು ಹೆಚ್ಚು. ಅಕಾಲ ಸಾವಿನ ಅಪಾಯವೂ ಹೆಚ್ಚು. ಖಿನ್ನತೆ ಇರುವವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವವೂ ಜಾಸ್ತಿ.

*

ಗಂಗಾವತಿಯ ಗದ್ದೆಗೆ ತುಂಗಭದ್ರೆಯ ಎಡದಂಡೆ ನಾಲೆ ಇದೆ. ಕುಷ್ಟಗಿ, ಯಲಬುರ್ಗಾದ ಹೊಲಗಳು ಬಹುಪಾಲು ಮಳೆಯನ್ನೇ ನಂಬಿವೆ. ಮಳೆ ಕೈಕೊಟ್ಟ ವರ್ಷ ಪ್ರಾಯದವರು ಗುಳೆ ಹೋಗುತ್ತಾರೆ. ಮನೆಯಲ್ಲಿ ಮುದುಕರೂ ಗುಳಿಗೆ ಚೀಟಿಯೂ ಉಳಿಯುತ್ತವೆ. ಒಬ್ಬಳೇ ಉಳಿದ ಅವ್ವ ತನ್ನೊಬ್ಬಳಿಗಾಗಿ ರೊಟ್ಟಿ ಬಡಿಯುವುದಿಲ್ಲ, ಚಹಾ ಕುಡಿದು ಮಲಗುತ್ತಾಳೆ. ಇನ್ಸುಲಿನ್ ಚುಚ್ಚಿಕೊಂಡು ಉಣ್ಣದೆ ಮಲಗಿದರೆ ಸಕ್ಕರೆ ಪ್ರಾಣಕ್ಕೆ ಸಂಚಕಾರ ಬರುವಷ್ಟು ಇಳಿಯಬಹುದು. ಬೆಂಗಳೂರಿನಿಂದ ಫೋನ್ ಮಾಡುವ ಮಗ 'ಗುಳಿಗಿ ತಗೊಂಡಿಯೇನವ್ವಾ' ಎಂದಷ್ಟೇ ಕೇಳಿ ಇಡದಿರಲಿ. 'ಏನು ಉಂಡಿ? ಇವತ್ತು ಯಾರ ಜೋಡಿ ಮಾತಾಡಿದಿ?' ಎಂದೂ ಕೇಳಲಿ. ಆ ಎರಡು ಪ್ರಶ್ನೆಗೆ ಅವ್ವ ಕೊಡುವ ಉತ್ತರ ವೈದ್ಯರಿಗೂ ಬೇಕು.

*

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹದಲ್ಲಿ ರೊಟ್ಟಿಯ ಜೊತೆ ಮಾದಲಿಯೂ ಇರುತ್ತದೆ. ಸಕ್ಕರೆ ಕಾಯಿಲೆ ಇದೆಯೆಂದು ಅಪ್ಪನನ್ನು ಮನೆಯಲ್ಲೇ ಬಿಟ್ಟು ಹೋಗಬೇಡಿ. ಮಾದಲಿ ಕೈಬಿಟ್ಟು ರೊಟ್ಟಿ ಪಲ್ಯ ಉಣ್ಣಲಿ, ಪಂಕ್ತಿಯಲ್ಲಿ ನಿಮ್ಮ ಪಕ್ಕದಲ್ಲೇ ಕೂರಲಿ.

*

ಹೊಳೆಯಾಚೆಯ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ಮನಸ್ಸಿನ ಕಾಯಿಲೆ ಗುರುತಿಸುವುದನ್ನು ಕಲಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶ ಆಯ್ದುಕೊಂಡದ್ದು ಅದೇ ಮಾದರಿಯನ್ನು. ಇಷ್ಟು ಹತ್ತಿರದಲ್ಲಿ ಹುಟ್ಟಿದ ವಿಚಾರ ನಮ್ಮ ಶುಗರ್ ತಪಾಸಣೆಯ ಕೋಣೆಯೊಳಗೂ ಬರಬೇಕು.

*

ಅದು ಸಾಧ್ಯ ಎನ್ನುವುದಕ್ಕೆ ನಮ್ಮ ದೇಶದಲ್ಲೇ ಪುರಾವೆ ಇದೆ. ನಾಲ್ಕು ನಗರ ಕ್ಲಿನಿಕ್‌ಗಳಲ್ಲಿ ಎರಡೂ ಕಾಯಿಲೆಯಿದ್ದ 404 ಮಂದಿಯನ್ನು ಎರಡು ವರ್ಷ ಗಮನಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರನ್ನು ತರಬೇತಿ ಪಡೆದ ಆರೈಕೆ ಸಂಯೋಜಕರು ಮತ್ತೆ ಮತ್ತೆ ಮಾತಾಡಿಸಿದರು. ತಜ್ಞರು ಅವರ ಬೆನ್ನಿಗಿದ್ದು ಸಲಹೆ ಕೊಟ್ಟರು. ಬೇಸರವೂ ತಗ್ಗಿ, ಸಕ್ಕರೆಯೋ ರಕ್ತದೊತ್ತಡವೋ ಕೊಲೆಸ್ಟ್ರಾಲೋ ಸುಧಾರಿಸಿದವರು ಆ ಗುಂಪಿನಲ್ಲೇ ಹೆಚ್ಚು. ಹಳ್ಳಿಗೆ ಮನೋವೈದ್ಯರು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಕೇಳಿಸಿಕೊಳ್ಳಲು ಕಲಿತ ಒಬ್ಬ ನರ್ಸ್‌ನಿಂದ ಆರಂಭಿಸಬಹುದು.

*

ಖಿನ್ನತೆಗೆ ಗುಳಿಗೆ ನುಂಗಿದರೆ ಜನ ಏನಂದಾರು ಎಂಬ ಅಂಜಿಕೆ ಬಿಡಿ. ವೈದ್ಯರನ್ನು ಕೇಳದೆ ಅದನ್ನು ನಡುವೆ ನಿಲ್ಲಿಸಲೂ ಬೇಡಿ.

*

ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. ಶುಗರ್ ಚೀಟಿ ಹಿಡಿದು ಹೋದಾಗ ಅದನ್ನೂ ವಿಚಾರಿಸಿ. ಬದುಕೇ ಬೇಡ ಅನ್ನಿಸಿದರೆ ಒಂದು ಗಳಿಗೆಯೂ ಕಾಯಬೇಡಿ. 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.