ನೆಪವಿಲ್ಲದ ಪಯಣ

"ಮಗಳಿಗೆ ಎಷ್ಟನೇ ತಿಂಗಳು?"

ನಾನು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ಸುದ್ದಿ ತಿಪಟೂರಿನ ನಮ್ಮ ಬೀದಿಯಲ್ಲಿ ಹರಡಿದ ದಿನ ಎದುರು ಮನೆಯಾಕೆ ಕೇಳಿದ ಮೊದಲ ಪ್ರಶ್ನೆ ಇದು. ತಪ್ಪು ಅವರದಲ್ಲ. ಅರವತ್ತರ ಅಂಚಿನಲ್ಲಿರುವ ನಮ್ಮಂಥ ಹೆಂಗಸರು ವಿಮಾನ ಹತ್ತುವುದೆಂದರೆ ಬಾಣಂತನಕ್ಕೆ ಎಂದೇ ಲೆಕ್ಕ. ಪೆಟ್ಟಿಗೆಯ ತುಂಬ ಮೆಂತ್ಯದ ಹಿಟ್ಟು, ಅಂಟಿನುಂಡೆ, ಮಗುವಿಗೆಂದು ಹರಿದ ಹಳೆಯ ಮೆತ್ತನೆ ಸೀರೆ.

"ಮಗಳು ಬೆಂಗಳೂರಲ್ಲೇ ಇದಾಳೆ. ಅಂಥದ್ದೇನೂ ಇಲ್ಲ" ಎಂದೆ.

"ಹಾಗಾದ್ರೆ ಯಾತ್ರೆಯೇನು?"

"ಅಲ್ಲ. ಶ್ರೀಲಂಕಾಕ್ಕೆ. ಗೆಳತಿ ಜೊತೆ."

"ಯಾಕೆ ಮತ್ತೆ?"

"ನೋಡೋಕೆ" ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, "ಏನೋಪ್ಪ, ತೆಂಗಿನಮರ ನೋಡೋಕೆ ತಿಪಟೂರಿನವರು ಲಂಕೆಗೆ ಹೋಗ್ಬೇಕಾ?" ಎಂದು ನಕ್ಕು ಒಳಗೆ ಹೋದರು. ನಾನೂ ನಕ್ಕೆ. ಆದರೆ ಆ "ಯಾಕೆ" ಮಾತ್ರ ನನ್ನ ಜೊತೆಯಲ್ಲೇ ಉಳಿಯಿತು. ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಪೊಲೀಸರೂ ಅದನ್ನೇ ಕೇಳಿದರು, ನಾದಿನಿಯೂ ಕೇಳಿದಳು, ಕೊನೆಗೆ ರಾತ್ರಿ ನಿದ್ದೆ ಬಾರದಾಗ ನಾನೇ ಕೇಳಿಕೊಂಡೆ.

ಹಣ ನನ್ನದೇ. ಎಂಟು ವರ್ಷ ಸಂಜೆಯ ಹೊತ್ತು ಬೀದಿಯ ಮಕ್ಕಳಿಗೆ ಮನೆಪಾಠ ಹೇಳಿ, ಅದನ್ನು ಚೀಟಿಗೆ ಕಟ್ಟಿ ಉಳಿಸಿದ 80,000 ರೂಪಾಯಿ. ನನ್ನವರು, "ನನ್ನ ಮಂಡಿ ಕೇಳೋಲ್ಲ, ನೀನು ಹೋಗಿ ಬಾ" ಎಂದುಬಿಟ್ಟಿದ್ದರು. ಅಡ್ಡಿ ಮಾಡುವವರು ಯಾರೂ ಇರಲಿಲ್ಲ. ಆದರೂ ನೋಡಿ, ಕಳ್ಳತನಕ್ಕೆ ಹೊರಟವಳಂತೆ ಎದೆ ಹೊಡೆದುಕೊಳ್ಳುತ್ತಿತ್ತು.

ಒಂದು ಕಾಲಕ್ಕೆ ಸಮುದ್ರ ದಾಟುವುದೇ ಪಾಪವಾಗಿತ್ತು. ಬೌಧಾಯನ ಧರ್ಮಸೂತ್ರವು ಮನುಷ್ಯನನ್ನು ಪತಿತನನ್ನಾಗಿಸುವ ಕೆಲಸಗಳಲ್ಲಿ ಸಮುದ್ರಯಾನವನ್ನೂ ಎಣಿಸಿದೆ. ದಾಟಿ ಬಂದವರಿಗೆ ಪ್ರಾಯಶ್ಚಿತ್ತವಿತ್ತು, ಬಹಿಷ್ಕಾರವಿತ್ತು. 1888ರಲ್ಲಿ ಓದಲು ಇಂಗ್ಲೆಂಡಿಗೆ ಹೊರಟ ಗಾಂಧಿಯವರನ್ನೂ ಅವರ ಜಾತಿಯವರು ಹೊರಗಿಟ್ಟರು. ಅವರಿಗಿಂತ ಐದು ವರ್ಷ ಮೊದಲೇ, 1883ರಲ್ಲಿ, ಆನಂದಿಬಾಯಿ ಜೋಶಿ ಎಂಬ ಹದಿನೆಂಟರ ಹುಡುಗಿ ವೈದ್ಯ ಕಲಿಯಲು ಕಲ್ಕತ್ತೆಯಿಂದ ಅಮೆರಿಕದ ಹಡಗು ಹತ್ತಿದ್ದಳು. 1886ರಲ್ಲಿ ಡಾಕ್ಟರಾಗಿ ಮರಳಿದಳು. ಮರುವರ್ಷವೇ ಕ್ಷಯಕ್ಕೆ ತುತ್ತಾದಳು. ಅವರೆಲ್ಲ ದೊಡ್ಡ ಉದ್ದೇಶ ಇಟ್ಟುಕೊಂಡು ಕಟ್ಟಳೆ ಮುರಿದವರು. ಈಗ ಕಟ್ಟಳೆಯೇನೋ ಹೋಯಿತು. ಆದರೆ ಹೆಂಗಸು ಹೊಸಿಲು ದಾಟಬೇಕಾದರೆ ಒಂದು ದೊಡ್ಡ ಉದ್ದೇಶ ಇರಲೇಬೇಕು ಎಂಬುದು ಮಾತ್ರ ಹಾಗೇ ಉಳಿದುಬಿಟ್ಟಿದೆ. ಬಾಣಂತನ, ಹರಕೆ, ಮದುವೆ, ಸಾವು – ಇವುಗಳಲ್ಲಿ ಯಾವುದಾದರೊಂದು ನಮ್ಮನ್ನು ಕರೆದುಕೊಂಡು ಹೋಗಬೇಕು. ನಾವಾಗಿ ಹೋಗುವಂತಿಲ್ಲ.

ನಮ್ಮಮ್ಮ ಹೀಗೆ ಕಾಯುತ್ತಲೇ ಉಳಿದವಳು. ಅವಳಿಗೆ ಸಮುದ್ರ ನೋಡಬೇಕೆಂಬ ಒಂದೇ ಆಸೆ. ಸಾಸಿವೆ ಡಬ್ಬಿಯಲ್ಲಿ ಅದಕ್ಕೆಂದು ದುಡ್ಡು ಕೂಡಿಡುತ್ತಿದ್ದಳು. ಒಂದು ವರ್ಷ ಅದು ನನ್ನ ಹಾಸ್ಟೆಲಿನ ಫೀಸಾಯಿತು, ಇನ್ನೊಂದು ವರ್ಷ ತಮ್ಮನ ಕನ್ನಡಕವಾಯಿತು. "ಮುಂದಿನ ವರ್ಷ ಹೋದ್ರಾಯ್ತು" ಎನ್ನುವಳು. ನಾನು ಅವಳಿಗೆ 'ಅಮೇರಿಕದಲ್ಲಿ ಗೊರೂರು' ಓದಿ ಹೇಳುತ್ತಿದ್ದೆ. ಹೂರಣ ರುಬ್ಬುತ್ತ ಕೇಳಿ, ಗುಂಡುಕಲ್ಲು ನಿಲ್ಲಿಸಿ ನಗುವಳು. ಅದೇ ಅವಳ ವಿದೇಶ ಪ್ರವಾಸ. ಅವಳು ಹೋದಾಗ ಎಲ್ಲರೂ "ತನಗೆ ಅಂತ ಏನೂ ಬಯಸದ ಹೆಂಗಸು" ಎಂದು ಹೊಗಳಿದರು. ಡಬ್ಬಿಯ ವಿಷಯ ಗೊತ್ತಿದ್ದ ನನಗೆ ಆ ಹೊಗಳಿಕೆ ಈಗಲೂ ಚುಚ್ಚುತ್ತದೆ. ಅವಳು ಬಯಸಿದ್ದಳು. ನಾವು ಕೇಳಲಿಲ್ಲ, ಅಷ್ಟೆ.

ತಯಾರಿಯ ಸಂಭ್ರಮವೇ ಅರ್ಧ ಪ್ರವಾಸ ಎನ್ನಬೇಕು. ವೀಸಾದ ಅರ್ಜಿಯನ್ನು ಗೆಳತಿಯ ಮಗ ಕಂಪ್ಯೂಟರಿನಲ್ಲೇ ತುಂಬಿ ಕೊಟ್ಟ. ಜೀವನದಲ್ಲಿ ಮೊದಲ ಬಾರಿಗೆ ಬೂಟು ಕೊಂಡೆ. ಸೀರೆಯ ಕೆಳಗೆ ಅದನ್ನು ಹಾಕಿಕೊಂಡು ಒಂದು ತಿಂಗಳು ಬೆಳಗಿನ ಜಾವ, ಯಾರೂ ಏಳುವ ಮುಂಚೆ, ಕೆರೆಯ ಕಡೆ ನಡೆದು ಕಾಲನ್ನು ಪಳಗಿಸಿದೆ. ಪಾಸ್‌ಪೋರ್ಟಿನ ಎರಡು ನಕಲು ಮಾಡಿಸಿ ಒಂದನ್ನು ಗೆಳತಿಯ ಚೀಲದಲ್ಲೂ ಇನ್ನೊಂದನ್ನು ಮನೆಯಲ್ಲೂ ಇಟ್ಟೆ. ರಕ್ತದೊತ್ತಡದ ಮಾತ್ರೆಗಳ ಜೊತೆಗೆ ವೈದ್ಯರ ಚೀಟಿ, ಚಟ್ನಿಪುಡಿ, ಗೊಜ್ಜವಲಕ್ಕಿ. ಅಡುಗೆಮನೆಯ ಗೋಡೆಗೆ ನನ್ನವರಿಗಾಗಿ ಒಂದು ಪಟ್ಟಿ: ಅನ್ನಕ್ಕೆ ಮೂರು ಕೂಗು, ಬೇಳೆಗೆ ನಾಲ್ಕು, ತುಳಸಿಗೆ ನೀರು. ಇಷ್ಟಾದರೂ ವಿಮಾನ ನಿಲ್ದಾಣದಲ್ಲಿ ಕೊಬ್ಬರಿಎಣ್ಣೆ ಶೀಸೆ ಕಳೆದುಕೊಂಡೆ. ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಶೀಸೆಯಲ್ಲಿ ದ್ರವ ಒಯ್ಯುವಂತಿಲ್ಲವೆಂದು ಗೊತ್ತಿದ್ದೂ ಮರೆತಿದ್ದೆ.

ಹೊರಡುವ ವಾರದಲ್ಲಿ ನಡೆದದ್ದನ್ನೂ ಹೇಳಬೇಕು. ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ನಮ್ಮ ಮನೆಗೆಲಸಕ್ಕೆ ಬರುವಾಕೆ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಳು. ಮಗಳಿಗೆ ನರ್ಸಿಂಗಿನಲ್ಲಿ ಸೀಟು ಸಿಕ್ಕಿದೆ, ಸೇರುವಾಗ 30,000 ಕಟ್ಟಬೇಕು. "ಹೆಂಗಾದ್ರೂ ತೀರಿಸ್ತೀನಮ್ಮಾ" ಎಂದಳು. ಟಿಕೆಟ್ಟು ಆಗಲೇ ಆಗಿತ್ತು. ರದ್ದು ಮಾಡಿದ್ದರೆ ಎಲ್ಲವೂ ಅಲ್ಲದಿದ್ದರೂ ಸಾಕಷ್ಟು ಹಣ ಉಳಿಯುತ್ತಿತ್ತು. ನಾನು 10,000 ಕೊಟ್ಟೆ. "ಇಷ್ಟೇ ಆಗೋದು" ಎಂದೆ. ಆಕೆ ಮಾತಿಲ್ಲದೆ ತೆಗೆದುಕೊಂಡಳು. ನಾನು ಹೋದೆ.

ಅಮ್ಮನಾಗಿದ್ದರೆ ಡಬ್ಬಿಯನ್ನೇ ಕೊಟ್ಟುಬಿಡುತ್ತಿದ್ದಳು.

2024ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಕೊಲಂಬೊಗೆ ಹಾರಿದೆವು. ಸುಮಾರು ಒಂದೂವರೆ ಗಂಟೆಯ ಹಾದಿ. ತಿಪಟೂರಿನಿಂದ ಬೆಂಗಳೂರಿಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು. ಕೈಗಡಿಯಾರದ ಮುಳ್ಳನ್ನೂ ತಿರುಗಿಸಬೇಕಾಗಿಲ್ಲ, ಅವರದೂ ನಮ್ಮದೇ ಸಮಯ. ಎದುರು ಮನೆಯಾಕೆ ಹೇಳಿದ್ದು ನಿಜ, ಎಲ್ಲೆಲ್ಲೂ ತೆಂಗು. ಆದರೆ ಎಳನೀರು ಕೇಸರಿ ಬಣ್ಣದ್ದು! ಬೆಳಗಿನ ತಿಂಡಿಗೆ ನಮ್ಮ ಒತ್ತುಶಾವಿಗೆಯಂಥದ್ದೇ ಇಡಿಯಪ್ಪ, ಎಳೆ ಹಲಸಿನಕಾಯಿಯ ಮೇಲೋಗರ, ತೆಂಗಿನತುರಿಯ ಕೆಂಪು ಸಂಬೋಲ. ಸಂಬೋಲಕ್ಕೆ ಒಣಮೀನಿನ ಚೂರು ಸೇರಿಸುವುದುಂಟು, ಆದ್ದರಿಂದ ಕೇಳಿಯೇ ಬಡಿಸಿಕೊಳ್ಳುತ್ತಿದ್ದೆವು. ಎಲ್ಲವೂ ನಮ್ಮದೇ ಅನ್ನಿಸುತ್ತಿತ್ತು, ಯಾವುದೂ ನಮ್ಮದಾಗಿರಲಿಲ್ಲ.

ಕ್ಯಾಂಡಿಯಲ್ಲಿ ನಾವು ಉಳಿದದ್ದು ಒಬ್ಬ ವಿಧವೆ ನಡೆಸುವ ಪುಟ್ಟ ತಂಗುಮನೆಯಲ್ಲಿ. 2022ರಲ್ಲಿ ದೇಶ ದಿವಾಳಿಯ ಅಂಚಿಗೆ ಬಂದಾಗ ಗ್ಯಾಸ್ ಸಿಲಿಂಡರಿಗಾಗಿ ದಿನಗಟ್ಟಲೆ ಸಾಲಿನಲ್ಲಿ ನಿಂತದ್ದನ್ನು, ಅತಿಥಿಗಳಿಲ್ಲದೆ ಕೋಣೆಗಳಿಗೆ ಬೀಗ ಹಾಕಿದ್ದನ್ನು ಆಕೆ ಹೇಳಿದರು. "ನೀವೆಲ್ಲ ಬರುತ್ತಿರುವುದರಿಂದ ನಮ್ಮ ಒಲೆ ಉರಿಯುತ್ತಿದೆ" ಎಂದರು. ನನಗೆ ಥಟ್ಟನೆ ಹಗುರವಾಯಿತು. ಆಹಾ, ಕಾರಣ ಸಿಕ್ಕಿತು! ನನ್ನ ಹಣ ಇನ್ನೊಬ್ಬ ಹೆಂಗಸಿನ ಒಲೆ ಉರಿಸುತ್ತಿದೆ... ಮಲಗಿದ ಮೇಲೆ ನನಗೇ ನಗು ಬಂತು. ಒಲೆ ಉರಿಸುವುದೇ ಉದ್ದೇಶವಾಗಿದ್ದರೆ ತಿಪಟೂರಿನಲ್ಲೇ ಒಂದು ಒಲೆ ಕಾಯುತ್ತಿತ್ತಲ್ಲ? ಬಾಣಂತನ ಸಿಗಲಿಲ್ಲವೆಂದು ಇನ್ನೊಂದು ನೆಪ ಹುಡುಕಿದ್ದೆ, ಅಷ್ಟೆ.

ಮರುದಿನ ಸಿಗಿರಿಯಕ್ಕೆ ಹೋದೆವು. ಬಯಲಿನ ನಡುವೆ ಒಮ್ಮೆಲೇ ಎದ್ದುನಿಂತ ಸುಮಾರು 200 ಮೀಟರ್ ಎತ್ತರದ ಬಂಡೆ. ಅದರ ನೆತ್ತಿಯ ಮೇಲೆ ಅರಮನೆ ಕಟ್ಟಿದವನು ಐದನೆಯ ಶತಮಾನದ ದೊರೆ ಕಾಶ್ಯಪ. ಅವನ ಕಥೆ ಚೂಳವಂಶವೆಂಬ ಪಾಳಿ ಗ್ರಂಥದಲ್ಲಿದೆ. ಅವನು ತಂದೆ ಧಾತುಸೇನನನ್ನು ಸೆರೆಹಿಡಿದು ಬಚ್ಚಿಟ್ಟ ಐಶ್ವರ್ಯವೆಲ್ಲಿ ಎಂದು ಪೀಡಿಸಿದನಂತೆ. ಮುದುಕ ದೊರೆ ತಾನು ಕಟ್ಟಿಸಿದ ಕಲಾವೆವ ಕೆರೆಗೆ ಇಳಿದು, ಬೊಗಸೆಯಲ್ಲಿ ನೀರೆತ್ತಿ, ತನ್ನ ಐಶ್ವರ್ಯವೆಲ್ಲ ಇದೇ ಎಂದನಂತೆ. ಅವನನ್ನು ಗೋಡೆಯಲ್ಲಿಟ್ಟು ಜೀವಂತ ಮುಚ್ಚಿಸಿದರು. ಮಗ ಈ ಬಂಡೆಯ ಮೇಲೆ ಕೊಳ, ಉದ್ಯಾನ, ಚಿತ್ರಗಳ ನಡುವೆ ಹದಿನೆಂಟು ವರ್ಷ ಆಳಿ 495ರಲ್ಲಿ ತಮ್ಮನೊಡನೆ ನಡೆದ ಯುದ್ಧದಲ್ಲಿ ಸತ್ತ. ಆ ಕೆರೆ ಇಂದಿಗೂ ಗದ್ದೆಗೆ ನೀರುಣಿಸುತ್ತಿದೆ.

ಅರ್ಧ ಹತ್ತಿ ಏದುಸಿರು ಬಿಡುತ್ತ ಕೂತಾಗ ಗೆಳತಿ, "ಅಲ್ವೇ, ಕೆರೆ ಕಟ್ಟಿಸಿದವನು ಪುಣ್ಯಾತ್ಮ. ನಾವು ನೋಡೋಕೆ ಬಂದಿರೋದು ಮಾತ್ರ ಪಾಪಿಯ ಅರಮನೆ!" ಎಂದಳು. ಅಮ್ಮನ ಡಬ್ಬಿ ನೆನಪಾಯಿತು. ಅವಳು ಕೆರೆಯಂಥವಳು. ಹಾಗಾದರೆ ಅರಮನೆಯ ಆಸೆಪಟ್ಟ ನಾನು ಯಾರು?

ಉತ್ತರ ಆ ಬಂಡೆಯ ಮೇಲೇ ಇತ್ತು. ಸುರುಳಿ ಮೆಟ್ಟಿಲು ಹತ್ತಿದರೆ ಕೈಯಲ್ಲಿ ಹೂ ಹಿಡಿದ ಹೆಂಗಸರ ಚಿತ್ರಗಳು, ನಿನ್ನೆ ಬರೆದಂಥ ಬಣ್ಣ. ಅಲ್ಲಿಂದಿಳಿದರೆ ಕನ್ನಡಿ ಗೋಡೆ. ಒಂದು ಕಾಲಕ್ಕೆ ಮುಖ ಕಾಣುವಷ್ಟು ನುಣುಪಾಗಿ ಗಾರೆ ತೀಡಿದ್ದರಂತೆ. ಕಾಶ್ಯಪ ಸತ್ತು ಶತಮಾನಗಳು ಕಳೆದ ಮೇಲೂ ದೂರದೂರದಿಂದ ಜನ ಇದನ್ನು ನೋಡಲು ಬರುತ್ತಿದ್ದರು, ನೋಡಿ ತಮಗಾದ ಸಂತೋಷವನ್ನು ಪದ್ಯವಾಗಿ ಈ ಗೋಡೆಯ ಮೇಲೆ ಗೀಚುತ್ತಿದ್ದರು. ಸೆನೆರತ್ ಪರಣವಿತಾನ ಎಂಬ ವಿದ್ವಾಂಸರು ಅಂಥ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಬರೆದವರಲ್ಲಿ ಭಿಕ್ಷುಗಳಿದ್ದರು, ಅಧಿಕಾರಿಗಳಿದ್ದರು, ಹೆಂಗಸರೂ ಇದ್ದರು. ಸಾವಿರ ವರ್ಷಕ್ಕೂ ಹಿಂದೆ ಯಾವಳೋ ಒಬ್ಬಳು ಈ ಕಡಿದಾದ ಬಂಡೆ ಹತ್ತಿ, ಚಿತ್ರ ನೋಡಿ, ಪದ್ಯ ಬರೆದು, ಇಳಿದು ಹೋಗಿದ್ದಾಳೆ. ಅವಳನ್ನೂ ಮನೆಯವರು "ಯಾಕೆ" ಎಂದು ಕೇಳಿದ್ದಿರಬಹುದು!

ಆ ಗೋಡೆಯ ಮುಂದೆ ನನಗೆ ಒಂದು ವಿಷಯ ತಿಳಿಯಾಯಿತು. ಕಾಶ್ಯಪನ ತಪ್ಪು ಅವನು ಚೆಲುವನ್ನು ಬಯಸಿದ್ದಲ್ಲ. ಅದಕ್ಕೆ ಯಾರು ಬೆಲೆ ತೆತ್ತರು ಎಂಬ ಲೆಕ್ಕ ಕೊಡಲು ಒಪ್ಪದೆ ಬಂಡೆ ಏರಿ ಕೂತದ್ದು. ಗೋಡೆಯ ಮೇಲೆ ಬರೆದವರು ಬಯಸಿದ್ದೂ ಅದೇ ಚೆಲುವನ್ನು. ಆದರೆ ಅವರು ನೋಡಿದರು, ಹಿಗ್ಗಿದರು, ಹಿಗ್ಗನ್ನು ಮುಂದೆ ಬರುವವರಿಗೆ ಬಿಟ್ಟು ಮನೆಗೆ ಹೋದರು. ಸಂತೋಷಕ್ಕೆ ನೆಪ ಬೇಕಾಗಿಲ್ಲ. ಆದರೆ ಲೆಕ್ಕ ಬೇಕು. ನಾವು ಹೆಂಗಸರು ಜೀವನವಿಡೀ ನೆಪ ಹುಡುಕುತ್ತೇವೆ. ನೆಪ ಸಿಕ್ಕಿತೆಂದರೆ ಲೆಕ್ಕದ ಗೊಡವೆಗೇ ಹೋಗುವುದಿಲ್ಲ. ಹರಕೆಯ ಹೆಸರಿನಲ್ಲಿ ನಾಲ್ಕು ಸೀರೆ ಕೊಂಡರೆ ಯಾರೂ ಕೇಳುವುದಿಲ್ಲ, ನಾವೂ ಕೇಳಿಕೊಳ್ಳುವುದಿಲ್ಲ. ನೆಪವಿಲ್ಲದೆ ಹೊರಟವಳಿಗೆ ಮಾತ್ರ ತಾನು ಏನನ್ನು ಬಿಟ್ಟು ಏನನ್ನು ತೆಗೆದುಕೊಂಡೆ ಎಂಬುದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ನನ್ನ ಲೆಕ್ಕದಲ್ಲಿ ಒಂದು ಹುಡುಗಿಯ 20,000 ರೂಪಾಯಿ ಇತ್ತು.

ಕೊನೆಯ ಸಂಜೆ ಕೊಲಂಬೊದ ಗಾಲ್ ಫೇಸ್ ಕಡಲಂಚಿಗೆ ಹೋದೆವು. 2022ರಲ್ಲಿ ಬದುಕು ದುಬಾರಿಯಾದ ಸಾವಿರಾರು ಜನ ಗುಡಾರ ಹಾಕಿ ಪ್ರತಿಭಟಿಸಿದ್ದು ಅಲ್ಲೇ. ಈಗ ಮಕ್ಕಳು ಗಾಳಿಪಟ ಹಾರಿಸುತ್ತಿದ್ದರು. 1859ರಲ್ಲಿ ಆ ಕಾಲುಹಾದಿಯನ್ನು ಮುಗಿಸಿದ ಬ್ರಿಟಿಷ್ ಗವರ್ನರ್ ಹೆನ್ರಿ ವಾರ್ಡ್, ಕೊಲಂಬೊದ ಹೆಂಗಸರು ಮಕ್ಕಳ ಸಲುವಾಗಿ ಇದನ್ನು ಕಾಪಾಡಿಕೊಳ್ಳಿ ಎಂದು ತನ್ನ ನಂತರ ಬರುವವರಿಗೆ ಕಲ್ಲಿನಲ್ಲಿ ಬರೆಸಿದ್ದಾನೆ. ಹೆಂಗಸರು ಸುಮ್ಮನೆ ಅಡ್ಡಾಡಲೆಂದು ಒಂದು ದಾರಿ! ಆಗಿನ ಯಾವ ಹೆಂಗಸರು ಅವನ ಮನಸ್ಸಿನಲ್ಲಿದ್ದರೋ. ಅಂದಿನ ಸಂಜೆಯಂತೂ ಎಲ್ಲರೂ ಇದ್ದರು. ಬೂಟು ಬಿಚ್ಚಿ ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟೆ. "ಅಮ್ಮ, ಸಮುದ್ರ" ಎಂದೆ, ಗೆಳತಿಗೆ ಕೇಳದ ಹಾಗೆ. ನಾನು ನೋಡಿದರೆ ಅವಳು ನೋಡಿದಂತಾಗುವುದಿಲ್ಲ, ನನಗೆ ಗೊತ್ತು. ಆದರೆ ನಾನೂ ನೋಡದೇ ಹೋಗಿದ್ದರೆ ಅವಳಿಗೇನು ಸಿಗುತ್ತಿತ್ತು?

ಊರಿಗೆ ಬಂದ ಮರುದಿನ ಆಕೆ ಎಂದಿನಂತೆ ಕೆಲಸಕ್ಕೆ ಬಂದಳು. ಉಳಿದ ಹಣವನ್ನು ಸಂಘದಿಂದ ಸಾಲ ಎತ್ತಿ ಮಗಳನ್ನು ಸೇರಿಸಿದ್ದಳು. ತಿಂಗಳ ಕಂತಿನಲ್ಲಿ ಅರ್ಧ ನಾನು ಕಟ್ಟುತ್ತೇನೆ ಎಂದೆ. ಮನೆಪಾಠಕ್ಕೆ ಇನ್ನೂ ನಾಲ್ಕು ಮಕ್ಕಳನ್ನು ಸೇರಿಸಿಕೊಂಡರಾಯಿತು. ಸಮುದ್ರ ದಾಟಿದ್ದಕ್ಕೆ ಪ್ರಾಯಶ್ಚಿತ್ತವೆಂದು ಹೀಗೆ ಮಾಡಲಿಲ್ಲ. ಹೋದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೂ ಆಕೆ ಬಡ್ಡಿಗೆ ಸಾಲ ಮಾಡಿದ್ದು ನಾನು ಸಮುದ್ರ ನೋಡಿದ ವಾರದಲ್ಲೇ ಎಂಬುದು ಅಳಿಸಿ ಹೋಗುವುದೂ ಇಲ್ಲ. ಎರಡೂ ನಿಜ.

ಆಕೆ ಹೂಂ ಎಂದಳು. ಆಮೇಲೆ ಅಡುಗೆಮನೆಯ ಹೊಸಿಲ ಮೇಲೆ ಕೂತು, "ಅದಿರ್ಲಿ, ಸಮುದ್ರ ಹೆಂಗಿತ್ತು ಹೇಳಿ ಮತ್ತೆ" ಎಂದಳು. ಹೇಳಿದೆ. ಕೇಸರಿ ಎಳನೀರು, ಬಂಡೆ, ಮಗನ ಕೈಯಲ್ಲಿ ಸತ್ತ ದೊರೆ, ಬೊಗಸೆ ನೀರು, ಎಲ್ಲ ಹೇಳಿದೆ. ದೊರೆಯ ಕಥೆಗೆ "ಅಯ್ಯೋ ಶಿವನೇ" ಎಂದಳು. ಕೈ ಒರೆಸಿಕೊಂಡು ಪಾಸ್‌ಪೋರ್ಟನ್ನು ಇಸಿದುಕೊಂಡು ಹಾಳೆ ತಿರುವಿದಳು. ಮೂವತ್ತಾರು ಪುಟಗಳಲ್ಲಿ ಮುದ್ರೆ ಬಿದ್ದದ್ದು ಒಂದೆರಡರ ಮೇಲೆ ಮಾತ್ರ.

"ಇಷ್ಟೊಂದು ಖಾಲಿ ಹಾಳೆ ಯಾತಕ್ಕಮ್ಮಾ?" ಎಂದಳು.

"ನೋಡೋಣ" ಎಂದೆ.