ತಾಯಿಯ ಮನಸ್ಸಿಗೆ ಅಳತೆಗೋಲು

ಎದೆಹಾಲು ಕುಡಿಸುವುದರ ಬಗ್ಗೆ ತಾಯಿಯ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಅಂಕಿಯಲ್ಲಿ ಹೇಳಬಹುದೆ? ಹೇಳಬಹುದು ಅಂತಾರೆ ಓದಿದವರು. 1999ರಲ್ಲಿ ಅಮೆರಿಕದ ಅಯೋವಾದ ಹೆಸರಿನಲ್ಲಿ ಇದಕ್ಕೊಂದು ಅಳತೆಗೋಲು ಬಂತು. 17 ಹೇಳಿಕೆಗಳು. ಒಂದೊಂದಕ್ಕೂ 'ಒಪ್ಪುವುದೇ ಇಲ್ಲ' ಎಂಬಲ್ಲಿಂದ 'ಪೂರ್ತಿ ಒಪ್ಪುತ್ತೇನೆ' ಎಂಬವರೆಗೆ 5 ಮೆಟ್ಟಿಲು. ಕೂಡಿಸಿದರೆ 17ರಿಂದ 85ರೊಳಗೆ ಒಂದು ಅಂಕಿ. ಅಂಕಿ ಏರಿದರೆ ತಾಯಿ ಎದೆಹಾಲಿನ ಕಡೆ, ಇಳಿದರೆ ಡಬ್ಬದ ಹಾಲಿನ ಕಡೆ. ಈ ಕೋಲು ಅರಬ್ಬಿಗೆ ಅನುವಾದವಾಗಿ, ಲೆಬನಾನಿನ ಹೆಂಗಸರ ನಡುವೆ ಪರೀಕ್ಷೆಯಾಗಿ, 2016ರಲ್ಲಿ ಅದರ ವರದಿ ಪ್ರಕಟವಾಯಿತು.

ಅರಬ್ಬಿ ತಾಯಂದಿರ ಉಸಾಬರಿ ನಮಗ್ಯಾಕೆ ಅಂತ ಗೆಳೆಯರು ಕೇಳಬಹುದು. ಕಾಗದ ಹಿಡಿದು ಬಂದವರ ಮುಂದೆ ನಮ್ಮ ಅವ್ವಂದಿರೂ ಕೂತವರೇ. ಮನೆತನದಲ್ಲೇ ಮೊದಲ ಸಲ ಫಾರಂ ತುಂಬಿದವರು ನಾವು. ಪ್ರಶ್ನೆ ಬರೆಯುವವನು ಯಾರು, ಉತ್ತರ ಕೊಡಬೇಕಾದವಳು ಯಾರು ಎಂಬುದು ಎಲ್ಲ ದೇಶದ ಬಡವರ ಪ್ರಶ್ನೆ.

ಅಳೆಯುವುದೇ ತಪ್ಪು ಅಂತ ನಾವು ಹೇಳುತ್ತಿಲ್ಲ. ಹಾಗೆ ಗೇಲಿ ಮಾಡಿ ಎದ್ದು ಹೋಗುವುದು ಸುಲಭ. ಲೋಕದ ತುಂಬ ತಾಯಂದಿರು ಎದೆ ಬಿಡಿಸುವುದಕ್ಕೆ ಕೊಡುವ ದೊಡ್ಡ ಕಾರಣ ಒಂದೇ: 'ನನ್ನ ಹಾಲು ಸಾಲದು.' ಈ ಅನುಮಾನ ಬರೀ ಮನಸ್ಸಿನೊಳಗೆ ಕೂತಿರುವುದಿಲ್ಲ. ಕೂಸು ಚೀಪಿದಷ್ಟೂ ಹಾಲು ಊರುತ್ತದೆ. ಅನುಮಾನಪಟ್ಟು ಬಾಟಲಿ ಕೊಟ್ಟರೆ ಕೂಸು ಚೀಪುವುದು ಕಡಿಮೆ, ಹಾಲು ಊರುವುದೂ ಕಡಿಮೆ. ಸುಳ್ಳು ಅನುಮಾನ ಕೊನೆಗೆ ತಾನೇ ನಿಜವಾಗಿಬಿಡುತ್ತದೆ. ಆದ್ದರಿಂದ ತಾಯಿಯ ನಂಬಿಕೆ ಏನೆಂದು ಕೇಳುವುದು ಬೇಕಾದ ಕೆಲಸ. ಆದರೆ ಆ ಅನುಮಾನವನ್ನು ಅಲ್ಲಿ ಬಿತ್ತಿದವರು ಯಾರು ಅಂತ ಕೇಳದಿದ್ದರೆ ಅದು ಅರ್ಧ ಕೆಲಸ.

ಭಾಷೆಯ ಮಾತು ತಗೊಳ್ಳಿ. ಒಬ್ಬರು ಇಂಗ್ಲಿಷಿನಿಂದ ಅರಬ್ಬಿಗೆ ತರುತ್ತಾರೆ, ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ, ಎರಡೂ ಹೊಂದಿದರೆ ಅನುವಾದ ಸರಿ. ಹೀಗೆ ನಡೆಯುತ್ತದೆ ಈ ಕೆಲಸ. ಆದರೆ ಯಾವ ಅರಬ್ಬಿ? ಬರೆಯುವ ಅರಬ್ಬಿ ಒಂದು, ಮನೆಯಲ್ಲಿ ಆಡುವ ಅರಬ್ಬಿ ಇನ್ನೊಂದು. ಬೈರೂತಿನ ಮಾತು ಬೇರೆ, ಕೈರೋದ ಮಾತು ಬೇರೆ, ಮೊರಾಕ್ಕೊದ ಮಾತು ಇನ್ನೂ ಬೇರೆ. ಯಾವ ತಾಯಿಯೂ ಗ್ರಾಂಥಿಕದಲ್ಲಿ ಜೋಗುಳ ಹಾಡಿ ಕೂಸು ಮಲಗಿಸುವುದಿಲ್ಲ. ಪುಸ್ತಕದ ಕನ್ನಡಕ್ಕೂ ಕೇರಿಯ ಕನ್ನಡಕ್ಕೂ ನಡುವೆ ಬೆಳೆದ ನಮಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಅಯೋವಾ ಕೋಲಿನಲ್ಲಿ ಹೋಟೆಲಿನಂಥ ಜಾಗದಲ್ಲಿ ಮೊಲೆಯೂಡಿಸಬಾರದು ಎಂಬ ಹೇಳಿಕೆ ಇದೆ. ಆಗಾಗ ಮದ್ಯ ಕುಡಿಯುವ ತಾಯಿ ಹಾಲು ಕೊಡಬಾರದು ಎಂಬುದೂ ಇದೆ. ಹೋಟೆಲಿನ ಮೆಟ್ಟಿಲು ಹತ್ತದ, ಮದ್ಯ ಮುಟ್ಟದ ಹೆಂಗಸು ಇದಕ್ಕೆ ಎಷ್ಟನೆಯ ಮೆಟ್ಟಿಲಲ್ಲಿ ನಿಲ್ಲಬೇಕು?

ಅರಬ್ಬರ ನಾಡಿನಲ್ಲಿ ಹಾಲಿನ ಲೆಕ್ಕ ಈ ಕೋಲಿಗಿಂತ ಬಲು ಹಳೆಯದು. ಮಕ್ಕಾದ ಕುಲೀನರು ಕೂಸುಗಳನ್ನು ಮರುಭೂಮಿಯ ಬಡ ಹೆಂಗಸರ ಮಡಿಲಿಗೆ ಕಳಿಸುತ್ತಿದ್ದರು. ಪ್ರವಾದಿ ಮುಹಮ್ಮದರಿಗೆ ಹಾಲೂಡಿಸಿದಾಕೆ ಬನೂ ಸಅದ್ ಬುಡಕಟ್ಟಿನ ಹಲೀಮಾ. ಒಬ್ಬಳ ಎದೆಹಾಲು ಕುಡಿದವರು ಒಡಹುಟ್ಟಿದವರಾಗುತ್ತಾರೆ; ಅವರ ನಡುವೆ ಮದುವೆ ಕೂಡದು. ಯಾರ ಹಾಲು ಯಾರು ಕುಡಿದರೆಂದು ತಿಳಿಯದೆ ಹೋದೀತು ಅಂತಲೇ 1985ರಲ್ಲಿ ಜೆಡ್ಡಾದಲ್ಲಿ ಸೇರಿದ ಇಸ್ಲಾಮಿ ಧರ್ಮಶಾಸ್ತ್ರಜ್ಞರ ಅಕಾಡೆಮಿ ಹಾಲಿನ ಬ್ಯಾಂಕು ಬೇಡವೆಂದಿತು. ಅಲ್ಲಿ ಹಾಲೆಂದರೆ ಬರೀ ಆಹಾರವಲ್ಲ, ನೆಂಟಸ್ತನ. 17 ಹೇಳಿಕೆಗಳಲ್ಲಿ ಈ ನೆಂಟಸ್ತನಕ್ಕೆ ಜಾಗವಿಲ್ಲ.

ಇನ್ನು ಖುರಾನಿನ 2ನೆಯ ಅಧ್ಯಾಯದ 233ನೆಯ ವಚನ. ತಾಯಿ ಪೂರ್ತಿ ಎರಡು ವರ್ಷ ಹಾಲೂಡಿಸಬಹುದು ಎಂಬ ಅದರ ಮೊದಲ ಮಾತು ಎಲ್ಲರಿಗೂ ಬಾಯಿಪಾಠ. ಅದೇ ವಚನ ಆಕೆಯ ಅನ್ನ, ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಹೊರಿಸುತ್ತದೆ. ಕೂಸಿನ ನೆಪದಲ್ಲಿ ತಾಯಿಗೆ ತೊಂದರೆ ಕೊಡಬಾರದು ಅನ್ನುತ್ತದೆ. ಇಬ್ಬರೂ ಕೂತು ಮಾತಾಡಿ ಬೇಗ ಹಾಲು ಬಿಡಿಸಿದರೂ ತಪ್ಪಲ್ಲ ಅನ್ನುತ್ತದೆ. ಹೆಣ್ಣಿನ ಕರ್ತವ್ಯದ ಸಾಲನ್ನು ಗಟ್ಟಿಯಾಗಿ ಓದಿ ಗಂಡಿನ ಹೊಣೆಯ ಸಾಲನ್ನು ನುಂಗುವವರು ಎಲ್ಲ ಧರ್ಮದಲ್ಲೂ ಇದ್ದಾರೆ. ಅವರ ಪರಿಚಯ ನಮಗೆ ಚೆನ್ನಾಗಿಯೇ ಇದೆ.

ಅಳತೆಗೋಲು ಕೂಡ ಇದನ್ನೇ ಮಾಡುತ್ತದಲ್ಲ! ತಾಯಿಯನ್ನು ಅಳೆಯುತ್ತದೆ, ಸುತ್ತ ನಿಂತವರನ್ನು ಬಿಟ್ಟುಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 6 ತಿಂಗಳು ಎದೆಹಾಲು ಮಾತ್ರ ಕೊಡಿ ಅನ್ನುತ್ತದೆ. ಲೆಬನಾನಿನಲ್ಲಿ 2014ರಲ್ಲಿ ಕಾನೂನು ತಿದ್ದಿ ಹೆರಿಗೆ ರಜೆ ಹೆಚ್ಚಿಸಿದ ಮೇಲೂ ಸಿಕ್ಕಿದ್ದು 10 ವಾರ. ಉಳಿದ ವಾರಗಳಿಗೆ ಯಾರು ಹೊಣೆ? ಆಕೆಯ ಮನೋಭಾವವೆ? ಅದೇ ದೇಶದ 1946ರ ಕಾರ್ಮಿಕ ಕಾನೂನು ಮನೆಗೆಲಸದವರನ್ನು ಹೊರಗೇ ಇಟ್ಟಿತು. ತಮ್ಮ ಕೂಸನ್ನು ಇಥಿಯೋಪಿಯಾದಲ್ಲಿ ಬಿಟ್ಟು ಬಂದು ಬೈರೂತಿನವರ ಕೂಸನ್ನು ಎತ್ತಿ ಆಡಿಸುವ ಹೆಂಗಸರಿಗೆ ಯಾವ ಕೋಲು ಹಿಡಿಯುತ್ತೀರಿ? 1981ರ ಮೇ 21ರಂದು ಡಬ್ಬದ ಹಾಲಿನ ಪ್ರಚಾರಕ್ಕೆ ಕಡಿವಾಣ ಹಾಕುವ ಸಂಹಿತೆ ವಿಶ್ವ ಆರೋಗ್ಯ ಸಭೆಯಲ್ಲಿ ಮತಕ್ಕೆ ಬಂತು. ಪರವಾಗಿ 118 ದೇಶ. ವಿರುದ್ಧವಾಗಿ ಒಂದೇ ಒಂದು, ಅಮೆರಿಕ. ಆ ಮನೋಭಾವಕ್ಕೆ ಎಷ್ಟು ಅಂಕ?

2025ರ ಆಗಸ್ಟ್ 22ರಂದು ಗಾಜಾ ಪ್ರಾಂತದಲ್ಲಿ ಕ್ಷಾಮವಿದೆಯೆಂದು ಹಸಿವಿನ ಲೆಕ್ಕವಿಡುವ ಅಂತರರಾಷ್ಟ್ರೀಯ ಪರಿಣತರು ಅಧಿಕೃತವಾಗಿ ಸಾರಿದರು. ಅಲ್ಲಿನ ತಾಯಿಯೂ ಅರಬ್ಬಿ ಮಾತಾಡುವವಳೆ. ಹೊಟ್ಟೆಗೆ ಹಿಟ್ಟಿಲ್ಲದೆ, ಕುಡಿಯಲು ನೀರಿಲ್ಲದೆ ಆಕೆ 'ನನ್ನ ಹಾಲು ಸಾಲದು' ಅಂದರೆ ಅದು ತಿಳುವಳಿಕೆಯ ಕೊರತೆಯಲ್ಲ. ಅದು ಸಾಕ್ಷಿ. ಒಂದೇ ಮಾತು ಒಂದು ಕಡೆ ಬಿತ್ತಿದ ಅನುಮಾನ, ಇನ್ನೊಂದು ಕಡೆ ಕಣ್ಣೆದುರಿನ ಸತ್ಯ. ಬರೀ ಅಂಕಿಗೆ ಇವೆರಡರ ಅಂತರ ತಿಳಿಯುವುದಿಲ್ಲ. ಪಕ್ಕ ಕೂತು ಕೇಳಿದವರಿಗೆ ತಿಳಿಯುತ್ತದೆ.

ಆದ್ದರಿಂದ ನಾವು ಹೇಳುವುದಿಷ್ಟು. ತಾಯಿಯನ್ನು ಅಳೆಯುವ ಪ್ರತಿಯೊಂದು ಕಾಗದದ ಜೊತೆ ಗಂಡನನ್ನು, ಧಣಿಯನ್ನು, ಕಂಪನಿಯನ್ನು, ಸರ್ಕಾರವನ್ನು ಅಳೆಯುವ ಕಾಗದವೂ ಇರಲಿ. ಪ್ರಶ್ನೆ ಬರೆಯುವಾಗ ಹಾಲೂಡಿಸಿದ ಹೆಂಗಸರೂ ಆ ಮೇಜಿನ ಸುತ್ತ ಇರಲಿ, ಅವರ ಮನೆಮಾತಿನಲ್ಲೇ ಪ್ರಶ್ನೆ ಹುಟ್ಟಲಿ. ನಾಳೆ ಫಾರಂ ಹಿಡಿದು ಹೊರಡುವ ವಿದ್ಯಾರ್ಥಿಗಳು, ಮೇಷ್ಟ್ರುಗಳು ನಮ್ಮಲ್ಲೂ ಇದ್ದೀರಿ. 'ನಿನಗೆ ಏನು ಗೊತ್ತು?' ಅಂತ ಕೇಳುವ ಮೊದಲು 'ನೀನು ಉಂಡೆಯೇನವ್ವ?' ಅಂತ ಕೇಳಿ. ಆ ಉತ್ತರವನ್ನೂ ಬರೆದುಕೊಳ್ಳಿ.